ಮೆಣಸಿನ ಬಳ್ಳಿ ಕುಬ್ಜವಾಗುವುದೇಕೆ?

ಪ್ರಶ್ನೆ: ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಎಲೆಗಳು ಸಣ್ಣದಾಗಿ, ಹಳದಿ ಮಚ್ಚೆಯಾಗಿವೆ. ಬೋರ್ಡೋ ಹೊಡೆದರೂ ಗುಣವಿಲ್ಲ. ಏಕೆ?
— ಓದುಗರು, ತರೀಕೆರೆ

ಉತ್ತರ: ನೀವು ಹೇಳುವ ಲಕ್ಷಣಗಳು ಕುಬ್ಜ ರೋಗವನ್ನು ಹೋಲುತ್ತವೆ. ಬೋರ್ಡೋ ದ್ರಾವಣ ತಡೆಯುವುದು ಸೊರಗು ರೋಗದಂಥವನ್ನು. ಆದರೆ ಕುಬ್ಜ ರೋಗಕ್ಕೆ ಕಾರಣ ವೈರಸ್; ಅದಕ್ಕೆ ಬೋರ್ಡೋ ನಾಟದು. ಪೈಪರ್ ಯೆಲ್ಲೋ ಮಾಟಲ್ ವೈರಸ್ ಹಿಟ್ಟು ತಿಗಣೆಯಿಂದ, ಸೌತೆ ಮೊಸಾಯಿಕ್ ವೈರಸ್ ಸಸ್ಯಹೇನಿನಿಂದ ಹರಡುತ್ತವೆ. ಗೆಣ್ಣುಗಳ ಅಂತರ ಕುಗ್ಗಿ, ಗೊಂಚಲು ಗಿಡ್ಡವಾಗಿ, ಕಾಳು ಸರಿಯಾಗಿ ಕಟ್ಟುವುದಿಲ್ಲ. ಸೋಂಕು ತಗುಲಿದ ಬಳ್ಳಿಯನ್ನು ಗುಣಪಡಿಸುವ ಔಷಧವಿಲ್ಲ. ರೋಗ ದೂರ ಸಾಗುವುದು ಮುಖ್ಯವಾಗಿ ಸೋಂಕಿನ ಬಳ್ಳಿತುಂಡಿನ ಮೂಲಕ. ಎಳೆಯ ತೋಟದಲ್ಲಿ ರೋಗದ ಬಳ್ಳಿಯನ್ನು ಕಿತ್ತು ಸುಡಿ, ಕೀಟ ಹತೋಟಿಯಲ್ಲಿಡಿ. ಕಾಯಿಲೆಯ ತೋಟದಿಂದ ಬಳ್ಳಿ ತರಬೇಡಿ, ಯಾರಿಗೂ ಕೊಡಬೇಡಿ.