ಕುದುರೆಯ ಬೆನ್ನೇರಿದ ಬದುಕು

‘ಕುದುರೆ ಕಂಡರೆ ಕಾಲುನೋವು’ ಎಂಬುದು ನಮ್ಮಲ್ಲಿ ಹಳೆಯ ಗಾದೆ. ನಡೆಯಲು ಶಕ್ತನಾದವನಿಗೂ ವಾಹನ ಕಂಡೊಡನೆ ಕಾಲು ಸೋಲುತ್ತದೆಂಬುದು ಅದರ ಇಂಗಿತ. ಅಶ್ವಾರೋಹಣವನ್ನೇ ಜೀವನೋಪಾಯವಾಗಿ ಕೈಕೊಂಡವರ ಮಟ್ಟಿಗೆ ಮಾತ್ರ ಈ ಗಾದೆ ತಿರುಗುಮುರುಗು. ಅವರಿಗೆ ಕಾಲುನೋವು ಆರಂಭವಾಗುವುದೇ ಕುದುರೆಯನ್ನು ಏರಿದ ಮೇಲೆ!

ಕನ್ನಡನಾಡಿಗೂ ಕುದುರೆಗೂ ಇರುವ ನಂಟು ಹಳೆಯದು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಸೇನೆಯಲ್ಲಿ ಮೈಸೂರಿನ ಅಶ್ವದಳವೂ ಇದ್ದಿತು. ದಸರೆಯ ಪಂಜಿನ ಕವಾಯತಿನಂದು ಬನ್ನಿಮಂಟಪದಲ್ಲಿ ಪೋಲೀಸ್ ಅಶ್ವದಳದವರು ಓಡುವ ಕುದುರೆಯಿಂದ ಬಾಗಿ ಭರ್ಜಿಯ ತುದಿಯಲ್ಲಿ ಗೂಟ ಕೀಳುವ ಚಮತ್ಕಾರವನ್ನು ಕಂಡವರು ಮರೆಯಲಾರರು.

ಈ ಪರಂಪರೆಗೆ ಹೊಸ ಕೀರ್ತಿ ತಂದವರು 1992ರಲ್ಲಿ ಜನಿಸಿದ ಬೆಂಗಳೂರಿನ ಫವಾದ್ ಮಿರ್ಜಾ. ತಂದೆ ಅಶ್ವವೈದ್ಯರು. ಹೀಗಾಗಿ ಬಾಲ್ಯದಲ್ಲಿಯೇ ಲಾಯದ ಪರಿಚಯ. 2018ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಅವರು ‘ಈವೆಂಟಿಂಗ್’ ಸ್ಪರ್ಧೆಯ ವೈಯಕ್ತಿಕ ಹಾಗೂ ತಂಡ ವಿಭಾಗಗಳೆರಡರಲ್ಲಿಯೂ ಬೆಳ್ಳಿ ಗಳಿಸಿದರು. 1982ರ ದೆಹಲಿ ಕ್ರೀಡಾಕೂಟದ ನಂತರ ಭಾರತದ ಸವಾರನೊಬ್ಬನಿಗೆ ದೊರೆತ ಮೊದಲ ವೈಯಕ್ತಿಕ ಪದಕವದು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅಂತಿಮ ಸುತ್ತನ್ನು ಮುಟ್ಟಿ 23ನೆಯ ಸ್ಥಾನ ಪಡೆದರು. ಎರಡು ಸಲವೂ ಅವರನ್ನು ಹೊತ್ತದ್ದು ‘ಸೆನ್ಯೋರ್ ಮೆಡಿಕಾಟ್’ ಎಂಬ ಒಂದೇ ಕುದುರೆ. ಇದಕ್ಕಾಗಿ ಅವರು ತಾಯ್ನಾಡನ್ನು ಬಿಟ್ಟು ಜರ್ಮನಿಯಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಬೇಕಾಯಿತು. 2023ರ ಹಾಂಗ್‌ಜೌ ಕ್ರೀಡೆಗಳ ‘ಡ್ರೆಸಾಜ್’ ವಿಭಾಗದಲ್ಲಿ ಭಾರತಕ್ಕೆ ಚಿನ್ನ ತಂದ ನಾಲ್ವರ ತಂಡದಲ್ಲಿ ಮುಂಬಯಿಯ ಹೃದಯ್ ಛೇಡಾ ಇದ್ದರೆಂಬುದನ್ನೂ ಇಲ್ಲಿ ಸ್ಮರಿಸಬಹುದು.

ಪಳಗಿಸುವ ವಿದ್ಯೆ

ಸವಾರಿ ಕಲಿಯುವುದು ಈ ವೃತ್ತಿಯ ಅರ್ಧಭಾಗ. ಕುದುರೆಯನ್ನು ಅರಿಯುವುದು ಉಳಿದರ್ಧ. ಅದು ಸ್ವಭಾವತಃ ಬೇಟೆಗೆ ಬಲಿಯಾಗುವ ಪ್ರಾಣಿ, ಅಂಜಿದರೆ ಓಡುವುದೇ ಅದರ ರಕ್ಷೆ. ಕಣ್ಣುಗಳು ತಲೆಯ ಇಬ್ಬದಿಗಳಲ್ಲಿರುವುದರಿಂದ ಸುತ್ತಲೂ ಕಾಣುತ್ತದೆ, ಬೆನ್ನ ಹಿಂದೆ ಮಾತ್ರ ಕಾಣದು. ಆದ್ದರಿಂದಲೇ ಹಿಂದಿನಿಂದ ಸದ್ದಿಲ್ಲದೆ ಸಮೀಪಿಸಿದವನಿಗೆ ಒದೆ ಬೀಳುತ್ತದೆ. ಲಗಾಮಿನಿಂದಲೋ ಮೊಣಕಾಲಿನ ಕೆಳಗಿನಿಂದಲೋ ಮೃದುವಾಗಿ ಒತ್ತುವುದು, ಕುದುರೆ ಒಪ್ಪಿದ ಮರುಕ್ಷಣ ಒತ್ತಡವನ್ನು ಸಡಿಲಿಸುವುದು: ಶಿಕ್ಷಣದ ಮೂಲಸೂತ್ರವಿಷ್ಟೇ. ಸಡಿಲಿಸಲು ತಡಮಾಡಿದರೆ ಕುದುರೆ ಕಲಿಯುವುದಿಲ್ಲ, ಮೊಂಡಾಗುತ್ತದೆ.

ಅದರ ದೇಹಸ್ಥಿತಿಯನ್ನೂ ಬಲ್ಲವನಾಗಿರಬೇಕು. ಕುದುರೆಗೆ ವಾಂತಿಯಾಗುವುದಿಲ್ಲ. ಅದಕ್ಕೆ ಬರುವ ಹೊಟ್ಟೆಶೂಲೆ ಕೆಲವೇ ಗಂಟೆಗಳಲ್ಲಿ ಪ್ರಾಣಾಂತಿಕವಾಗಬಲ್ಲದು. ಮೇವನ್ನು ಸ್ವಲ್ಪ ಸ್ವಲ್ಪವಾಗಿ, ದಿನದಲ್ಲಿ ಹಲವು ಬಾರಿ ಕೊಡಬೇಕು. ಬೆಳೆಯುತ್ತಲೇ ಇರುವ ಗೊರಸುಗಳನ್ನು ಆರೆಂಟು ವಾರಗಳಿಗೊಮ್ಮೆ ಕತ್ತರಿಸಿ ಲಾಳ ಕಟ್ಟಿಸಬೇಕು.

ಆರೋಗ್ಯದ ದೃಷ್ಟಿ

ಕುರ್ಚಿಗೆ ಅಂಟಿಕೊಂಡ ನಗರಜೀವನಕ್ಕೆ ಸವಾರಿ ಉತ್ತಮ ವ್ಯಾಯಾಮ. ಕುದುರೆಯ ಪ್ರತಿ ಹೆಜ್ಜೆಗೂ ಸವಾರನ ಸೊಂಟ, ಬೆನ್ನು, ಹೊಟ್ಟೆಯ ಸ್ನಾಯುಗಳು ಸಮತೋಲ ಕಾಯಬೇಕಾಗುವುದರಿಂದ ನೆಟ್ಟಗೆ ಕೂರುವ ಅಭ್ಯಾಸ ತಾನಾಗಿ ಬರುತ್ತದೆ. ಆದರೆ ಬೀಳದೆ ಕಲಿತ ಸವಾರನಿಲ್ಲ. ತಲೆಗೆ ಬೀಳುವ ಪೆಟ್ಟೇ ಅತಿ ಭೀಕರ. ಆದ್ದರಿಂದ ಶಿರಸ್ತ್ರಾಣವಿಲ್ಲದೆ ಜೀನಿನ ಮೇಲೆ ಕೂರಲೇಬಾರದು. ಪೆಟ್ಟಿನ ಬಳಿಕ ವಾಂತಿ, ಮಂಪರು, ತಬ್ಬಿಬ್ಬು ಕಂಡರೆ ಕೂಡಲೇ ಆಸ್ಪತ್ರೆ ಸೇರಬೇಕು. ಕುದುರೆಯ ಲದ್ದಿಯಲ್ಲಿ ಧನುರ್ವಾಯುವಿನ ರೋಗಾಣುಗಳಿರುವುದುಂಟು. ಲಾಯದಲ್ಲಿ ದುಡಿಯುವವರು ಅದರ ಚುಚ್ಚುಮದ್ದನ್ನು ತಪ್ಪಿಸಬಾರದು.

ಜಮಾ–ಖರ್ಚು

ಮಗನೋ ಮಗಳೋ ಈ ದಾರಿ ಹಿಡಿಯುವೆನೆಂದಾಗ ಪಾಲಕರು ಲೆಕ್ಕ ಹಾಕುವುದು ಸಹಜ. ಕುದುರೆಯ ಬೆಲೆ ಒಂದು ಸಲದ ಬಂಡವಾಳ. ಮೇವು, ಲಾಳ, ವೈದ್ಯ, ಲಾಯದ ಆಳು ಇವು ತಿಂಗಳು ತಿಂಗಳೂ ಬರುವ ಖರ್ಚು. ಬ್ಯಾಂಕಿಗೆ ರಜೆಯುಂಟು, ಲಾಯಕ್ಕೆ ರಜೆಯಿಲ್ಲ. ಆದ್ದರಿಂದ ಕುದುರೆ ಕೊಳ್ಳುವ ಮಾತು ಕೊನೆಗಿರಲಿ. ಮೊದಲು ಸವಾರಿಶಾಲೆಯ ಕುದುರೆಗಳ ಮೇಲೆ ಕೆಲವು ವರ್ಷ ಕಲಿಯಲಿ, ಲದ್ದಿ ಬಾಚುವ ಕೆಲಸವನ್ನೂ ಮಾಡಲಿ. ಆ ಬಳಿಕವೂ ಆಸೆ ಉಳಿದರೆ ಅದು ನಿಜವಾದ ಆಸೆ. ಸೇನೆಯ ಅಶ್ವದಳ, ಪೋಲೀಸ್ ಅಶ್ವದಳ, ಪಂದ್ಯದ ಕುದುರೆಗಳ ತರಬೇತಿ, ಸವಾರಿಶಾಲೆಯ ಶಿಕ್ಷಕವೃತ್ತಿ ಇವು ಸ್ಥಿರವಾದ ಅನ್ನದ ಮಾರ್ಗಗಳು. ಪದಕವೊಂದನ್ನೇ ನಂಬಿ ಹೊರಟವರಿಗೆ ಧನಸಹಾಯ ಮಾಡುವವರ ಆಸರೆ ಅನಿವಾರ್ಯ.

ಇನ್ನೊಂದು ಬಾಬು ಯಾವ ಲೆಡ್ಜರಿನಲ್ಲಿಯೂ ಕಾಣಸಿಗದು. ಕುದುರೆಯ ಆಯುಷ್ಯ ಇಪ್ಪತ್ತೈದು ವರ್ಷಗಳಷ್ಟಿದ್ದರೂ ಸ್ಪರ್ಧೆಗೆ ಒದಗುವುದು ಅದರ ಒಂದು ಭಾಗ ಮಾತ್ರ. ಯಂತ್ರವಾದರೆ ಸವಕಳಿ ಕಳೆದು ಪುಸ್ತಕದಿಂದ ತೆಗೆದುಹಾಕಬಹುದು. ದುಡಿದು ದಣಿದ ಮೂಕಜೀವಕ್ಕೆ ಕೊನೆಯವರೆಗೂ ಮೇವು, ನೀರು, ನೆರಳು ಸಲ್ಲಬೇಕು. ಈ ಋಣವನ್ನು ಮೊದಲ ದಿನವೇ ಒಪ್ಪಿಕೊಳ್ಳಬಲ್ಲವನು ಧಾರಾಳವಾಗಿ ಲಗಾಮು ಹಿಡಿಯಲಿ.