ಮೇಷ್ಟ್ರ ಪಕ್ಕದ ಇನ್ನೊಬ್ಬರು

ರಾಯಚೂರು ಜಿಲ್ಲೆಯ ಗೊರೇಬಾಳ ಸೇರಿದಂತೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ‘ಬೋಧನಾ ಸಹಾಯಕ’ ಎಂಬ ಹುದ್ದೆಯಿಲ್ಲ. ಆ ಕೆಲಸ ಮಾತ್ರ ಈ ಸೀಮೆಗೆ ಹೊಸದಲ್ಲ.

ತುಂಗಭದ್ರೆಯಾಚೆಗಿನ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಬರೆದ ವರದಿಯ ಪ್ರಕಾರ ಆ ಜಿಲ್ಲೆಯಲ್ಲಿದ್ದ 533 ಶಾಲೆಗಳಲ್ಲಿ 235 ಕನ್ನಡದವು. ಬೆಳಿಗ್ಗೆ ಆರಕ್ಕೇ ಪಾಠ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಏಟು ಶುರು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವ ಚಿಕ್ಕವರಿಗೆ ಮುಂದಿನ ಹಂತದ ಹುಡುಗರೇ ಕಲಿಸುತ್ತಿದ್ದರು. ಅರ್ಥ ತಿಳಿಯದ ಬಾಯಿಪಾಠವನ್ನು ಟೀಕಿಸಿದ ಕ್ಯಾಂಪ್‌ಬೆಲ್, ಹುಡುಗರೇ ಹುಡುಗರಿಗೆ ಕಲಿಸುವ ಈ ಪದ್ಧತಿಯನ್ನು ಮಾತ್ರ ಮೆಚ್ಚಿದ; ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯೆಂದೇ ಬರೆದ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹಬ್ಬಿದ ‘ನಲಿ-ಕಲಿ’ ಬೋಧನಾ ಪದ್ಧತಿಯಲ್ಲೂ ಇದರ ಎಳೆಯಿದೆ. ಅಲ್ಲಿ ಒಂದು ‘ತಟ್ಟೆ’ಯ, ಅಂದರೆ ಗುಂಪಿನ, ಮಕ್ಕಳು ಶಿಕ್ಷಕರ ಜೊತೆ ಕುಳಿತರೆ, ಇನ್ನೊಂದರವರು ಗೆಳೆಯರ ನೆರವಿನಿಂದ ಕಲಿಯುತ್ತಾರೆ.

ದೊಡ್ಡವರೇ ನೆರವಾದರೆ ಏನಾಗುತ್ತದೆ? ಮುಂಬಯಿ, ವಡೋದರಾಗಳಲ್ಲಿ ‘ಪ್ರಥಮ್’ ಸಂಸ್ಥೆಯ ‘ಬಾಲಸಖಿ’ ಯೋಜನೆ ಇದಕ್ಕೆ ಉತ್ತರ ಕೊಟ್ಟಿದೆ. ಅದೇ ಬಡಾವಣೆಯ, ಪ್ರೌಢಶಾಲೆ ಮುಗಿಸಿದ ಯುವತಿಯೊಬ್ಬಳು ಹಿಂದುಳಿದ 15–20 ಮಕ್ಕಳನ್ನು ದಿನಕ್ಕೆ ಸುಮಾರು ಎರಡು ತಾಸು ಬೇರೆ ಕೂರಿಸಿ ಓದು, ಲೆಕ್ಕ ಕಲಿಸುತ್ತಿದ್ದಳು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳ ಅಂಕಗಳು ಏರಿದ್ದವು. ತೀರಾ ಹಿಂದಿದ್ದವರಿಗೇ ಹೆಚ್ಚು ಲಾಭ.

ಗೊರೇಬಾಳದ ಸುತ್ತಲಿನ ಸೀಮೆಗೆ ಬೇಕಾದದ್ದೂ ಇದೇ. ಕಾಲುವೆ ನೀರಿರುವಲ್ಲಿ ಭತ್ತದ ನಾಟಿ, ಎರೆ ಹೊಲಗಳಲ್ಲಿ ಹತ್ತಿ ಬಿಡಿಸುವ ಸುಗ್ಗಿ, ಮಳೆ ಕೈಕೊಟ್ಟರೆ ಗುಳೆ: ತಿಂಗಳುಗಟ್ಟಲೆ ತಪ್ಪಿಸಿಕೊಂಡ ಮಗು ಮರಳಿದಾಗ ತರಗತಿ ಮುಂದೆ ಹೋಗಿರುತ್ತದೆ. ಆ ಮಗುವಿನ ಪಕ್ಕ ಕೂರಲು ಇನ್ನೊಬ್ಬರು ಬೇಕು.

ಇಲ್ಲಿ ಸಿಗುವುದು ಅತಿಥಿ ಶಿಕ್ಷಕರು. ಆದರೆ ಅವರ ನೇಮಕ ಖಾಲಿ ಹುದ್ದೆಗೆ. ಹೆಸರಿಗೆ ಅತಿಥಿ, ಹೊರೆ ಖಾಯಂ ಶಿಕ್ಷಕರದೇ. 2025–26ರ ಬಜೆಟ್‌ನಲ್ಲಿ ಗೌರವಧನ 2,000 ರೂಪಾಯಿ ಏರಿತಾದರೂ ಬೇಸಿಗೆ ರಜೆಗೆ ಸಂಬಳವಿಲ್ಲ, ಮರುವರ್ಷದ ಖಾತ್ರಿಯೂ ಇಲ್ಲ. ಖಾಲಿ ಹುದ್ದೆ ತುಂಬದೆ ನೇಮಿಸುವ ಯಾವ ಸಹಾಯಕನೂ ಸಹಾಯಕನಾಗಿ ಉಳಿಯುವುದಿಲ್ಲ. ಮೊದಲು ಆಗಬೇಕಾದದ್ದು ಖಾಯಂ ನೇಮಕಾತಿ.