ದುಡ್ಡು ಬಿತ್ತೇನಣ್ಣಾ?

ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸಿಗೆ ಕಾಯುವವರ ನಡುವೆ ವರ್ಷಕ್ಕೆ ಮೂರು ಸಲ ಏಳುವ ಮಾತು ಒಂದೇ: "ದುಡ್ಡು ಬಿತ್ತೇನಣ್ಣಾ?" "ಪಕ್ಕದ ಹೊಲದೋನಿಗೆ ಬಿತ್ತಂತೆ, ನಂಗಿಲ್ಲ." ಗೊಬ್ಬರದಂಗಡಿಯವರೂ, ಕಿರಾಣಿಯವರೂ ಇದನ್ನೇ ಕೇಳುತ್ತಾರೆ. ಈ ದುಡ್ಡನ್ನು ನಂಬಿ ಕೊಟ್ಟ ಸಾಲ ಅವರ ಪುಸ್ತಕದಲ್ಲಿದೆಯಲ್ಲ!

ಪಿ.ಎಂ. ಕಿಸಾನ್ ಶುರುವಾದದ್ದು 2019ರ ಫೆಬ್ರವರಿಯಲ್ಲಿ. ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. 2020ರ ಜನವರಿ 2ರಂದು ಪ್ರಧಾನಿ ಮೋದಿಯವರು ಒಂದು ಕಂತು ಬಿಡುಗಡೆ ಮಾಡಿದ್ದು ನಮ್ಮ ತುಮಕೂರಿನಲ್ಲೇ. ಯಡಿಯೂರಪ್ಪನವರ ಸರಕಾರ ಅದರ ಮೇಲೆ 4,000 ಸೇರಿಸಿತು. 2023ರಲ್ಲಿ ಅದು ನಿಂತೇ ಹೋಯ್ತು. ಉಳಿದ ಆರು ಸಾವಿರವನ್ನು ದಿನಕ್ಕೆ ಹಂಚಿದರೆ ಹದಿನಾರು ರೂಪಾಯಿ ಚಿಲ್ಲರೆ.

ಇಷ್ಟೇನಾ ಎಂದು ನಗುವವರು 2023ರ ಬರವನ್ನು ನೆನೆಯಲಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿಗೆ ಸೇರಿದವು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಅದರಲ್ಲಿದ್ದವು. ಮಳೆ ನಂಬಿದ ಹೊಲಕ್ಕೆ ಪರಿಹಾರ ಹೆಕ್ಟೇರಿಗೆ 8,500. ಅದೂ ಎರಡು ಹೆಕ್ಟೇರಿಗೆ ಮಾತ್ರ. ಎಕರೆ ಲೆಕ್ಕದಲ್ಲಿ ಸುಮಾರು 3,400. ರಾಜ್ಯ ಸರಕಾರ 2024ರ ಜನವರಿಯಲ್ಲಿ ಮೊದಲ ಕಂತೆಂದು 2,000ದವರೆಗೆ ಕೊಟ್ಟಿತು. ಕೇಂದ್ರದ ದುಡ್ಡಿಗೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯ್ತು. 3,454 ಕೋಟಿ ಬಂದಾಗ ಏಪ್ರಿಲ್ ಕೊನೆ. ಒಣಗಿದ ಕಡಲೆಕಾಯಿಯ ಪರಿಹಾರ ಕೈಗೆ ಬರುವ ಹೊತ್ತಿಗೆ ಮುಂದಿನ ಬಿತ್ತನೆ ಬಾಗಿಲಿಗೆ ಬಂದಿತ್ತು.

ಬರುವ ದುಡ್ಡಾದರೂ ಎಲ್ಲರಿಗೆ ಬರುತ್ತದೆಯೇ? ಇಲ್ಲ ಸ್ವಾಮಿ. ಪಹಣಿ ಇನ್ನೂ ತೀರಿಕೊಂಡ ತಾತನ ಹೆಸರಿನಲ್ಲಿದ್ದರೆ, ಉಳುವ ಮೊಮ್ಮಗ ಸರಕಾರದ ಕಣ್ಣಿಗೆ ರೈತನೇ ಅಲ್ಲ. ಪೌತಿ ಖಾತೆ ಮಾಡಿಸೋಣವೆಂದರೆ ಅಣ್ಣತಮ್ಮಂದಿರು ಒಪ್ಪಬೇಕು, ವಂಶವೃಕ್ಷ ಬೇಕು, ತಾಲ್ಲೂಕು ಕಛೇರಿಗೆ ಅಲೆಯಬೇಕು. ನಾಲ್ಕು ಸರ್ವೆ ನಂಬರಿನಲ್ಲಿ ಎರಡೇ ಫ್ರೂಟ್ಸ್ ಐಡಿಗೆ ಸೇರಿದ್ದರೆ ಬರ ಪರಿಹಾರವೂ ಎರಡಕ್ಕೇ. ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆಯಾಯ್ತೋ ದುಡ್ಡು ಅಲ್ಲಿಗೆ ಹೋಗುತ್ತದೆ. ರೈತ ಹಳೇ ಪಾಸ್‌ಬುಕ್ ಹಿಡಿದು ಇನ್ನೊಂದು ಬ್ಯಾಂಕಿನ ಮುಂದೆ ಕೂತಿರುತ್ತಾನೆ. ಗುದ್ದಲಿ ಹಿಡಿದು ಸವೆದ ಹೆಬ್ಬೆರಳಿನ ಗುರುತು ಯಂತ್ರಕ್ಕೆ ಹಿಡಿಸುವುದಿಲ್ಲ. ವಾರಕ್ಕೆ ಉಳುವವನಿಗಂತೂ ಈ ಪಟ್ಟಿಯಲ್ಲಿ ಜಾಗವೇ ಇಲ್ಲ.

ಪಾವಗಡದವರ ಸಂಕಟ ಇನ್ನೊಂದು. ಮೂರು ಕಡೆ ಆಂಧ್ರ. ಮಡಕಶಿರಾ, ಹಿಂದೂಪುರದಲ್ಲಿ ಬೀಗರು, ನೆಂಟರು. ಅಲ್ಲಿ 2025ರ ಆಗಸ್ಟಿನಲ್ಲಿ ಶುರುವಾದ ಅನ್ನದಾತ ಸುಖೀಭವದಲ್ಲಿ ಕೇಂದ್ರದ ಪಾಲೂ ಸೇರಿ ವರ್ಷಕ್ಕೆ 20,000. ಅದೇ ಬಿಸಿಲು, ಅದೇ ಕಡಲೆಕಾಯಿ. ನಡುವೆ ಒಂದು ಗಡಿಕಲ್ಲು. "ಬೀಗರ ಮನೇಲಿ ಊಟಕ್ಕೆ ಕೂತರೆ ಈ ಲೆಕ್ಕವೇ ಬರ್ತದೆ" ಎನ್ನುವವರಿಗೆ ಏನು ಹೇಳೋಣ?

ದುಡ್ಡು ಹೆಚ್ಚಿಸುವುದು ದೊಡ್ಡವರ ಕೈಲಿರುವ ಮಾತು. ಇರುವುದನ್ನು ತಲುಪಿಸುವುದು ಇಲ್ಲಿನವರ ಕೈಲೇ ಇದೆ. ಹೋಬಳಿ ಸಂತೆಯ ದಿನ ಗ್ರಾಮ ಲೆಕ್ಕಿಗರು, ರೈತ ಸಂಪರ್ಕ ಕೇಂದ್ರದವರು, ಬ್ಯಾಂಕಿನವರು ಒಂದೇ ಮೇಜಿನ ಮುಂದೆ ಕೂತರೆ ಪಹಣಿ, ಐಡಿ, ಆಧಾರ್ ಮೂರರ ತೊಡಕೂ ಅಲ್ಲೇ ಗೊತ್ತಾಗುತ್ತದೆ. ರೈತನಿಗೆ ಮೂರು ದಿನದ ಕೂಲಿ, ಮೂರು ಸಲದ ಬಸ್ ಚಾರ್ಜು ಉಳಿಯುತ್ತದೆ. ಎರಡು ಸಾವಿರ ಪಡೆಯಲು ಐನೂರು ಕಳೆಯುವ ಈ ಅಲೆದಾಟವನ್ನು ಸಂಬಂಧಪಟ್ಟವರು ತಪ್ಪಿಸುವರೇ?